ಎರಡು ಸಾಲು ಸೂಜಿತೂತು

ಬೊಂಬಾಯಿ

ಇಪ್ಪತ್ತೆಂಟು ವರ್ಷ ಪಾರ್ಸಲ್ ಕೌಂಟರಿನಲ್ಲಿ ಕೂತವನು ನಾನು. ಮಂಡ್ಯದ ಕಡೆಯ ನಮ್ಮ ಅಂಚೆ ಕಚೇರಿಗೆ ಯಾರೇ ಗಂಟು ತರಲಿ, ನನ್ನ ಮೊದಲ ಪ್ರಶ್ನೆ "ಏನಿದೆ ಒಳಗೆ?" ಮದುವೆಯಾದ ಹೊಸತರಲ್ಲಿ ಹೆಂಡತಿ ಊಟದ ಡಬ್ಬಿ ಕೊಟ್ಟಾಗಲೂ ಬಾಯಿತಪ್ಪಿ ಇದನ್ನೇ ಕೇಳಿ, ಎರಡು ದಿನ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು. ಇಂಥ ನಾನು ಜೀವನದಲ್ಲಿ ಒಂದೇ ಒಂದು ಸಲ ಆ ಪ್ರಶ್ನೆ ಕೇಳಲು ಮರೆತೆ. ಆ ಒಂದು ಸಲ ನೈರೋಬಿಗೆ ಹೊರಟಿದ್ದೆ.

ನನ್ನ ತಂಗಿ ಸುಮಿತ್ರ ಆ ಊರು ಸೇರಿ ಹನ್ನೆರಡು ವರ್ಷವಾಗಿತ್ತು. ಅವಳ ಗಂಡ ಪ್ರಭಾಕರ ಅಲ್ಲಿ ಡಾಕ್ಟರು. "ಒಂದ್ಸಲ ಬಂದು ನೋಡಣ್ಣ" ಎಂದು ಕರೆದು ಕರೆದು ಸಾಕಾಗಿ, ಕೊನೆಗೆ ತೊಂಬತ್ತೆರಡರಲ್ಲಿ ಟಿಕೆಟ್ಟನ್ನೇ ಕಳಿಸಿಬಿಟ್ಟಳು. ವಿಮಾನದ ಹೆಸರು ಕೇಳಿದರೇ ಕೈಕಾಲು ತಣ್ಣಗಾಗುವ ನನ್ನ ಹೆಂಡತಿ, "ನೀವು ಹೋಗಿ ನೆಟ್ಟಗೆ ವಾಪಸ್ ಬಂದ್ರೆ ಮುಂದಿನ ಸಲ ನಾನೂ ಯೋಚ್ನೆ ಮಾಡ್ತೀನಿ" ಎಂದು ಬಸ್ಸು ಹತ್ತಿಸಿದಳು.

ಆಗೆಲ್ಲ ಒಬ್ಬ ವಿದೇಶಕ್ಕೆ ಹೊರಟನೆಂದರೆ ಸುತ್ತಮುತ್ತಲ ಊರುಗಳಿಗೆಲ್ಲ ಅವನೇ ಅಂಚೆಯಣ್ಣ. ನೈರೋಬಿಯಲ್ಲಿರುವ ನಮ್ಮವರ ಅಪ್ಪ ಅಮ್ಮಂದಿರು ಮೈಸೂರಿನಿಂದಲೂ ನನ್ನನ್ನು ಹುಡುಕಿಕೊಂಡು ಬಂದರು. ಹುಳಿಪುಡಿ, ಅರಳುಸಂಡಿಗೆ, ಕಾಲು ಗೆಜ್ಜೆ, ಯಾರೋ ಮರೆತುಹೋಗಿದ್ದ ಹಲ್ಲಿನ ಸೆಟ್ಟು, ಹೀಗೆ ಏಳು ಪಾರ್ಸಲ್ ಸೇರಿದವು. ಒಲ್ಲೆ ಅನ್ನುವಂತಿಲ್ಲ. ನಾಳೆ ನಮ್ಮ ಸುಮಿತ್ರಳಿಗೆ ಉಪ್ಪಿನಕಾಯಿ ಒಯ್ಯುವವರೂ ಅವರೇ. ನಾನು ಏಳನ್ನೂ ಬಿಚ್ಚಿಸಿ ನೋಡಿದೆ. ಜೇಬಿನ ಪುಸ್ತಕದಲ್ಲಿ ಕೊಟ್ಟವರ ಹೆಸರು, ಪಡೆಯುವವರ ಹೆಸರು ಬರೆದು, ಪಡೆದವರ ಸಹಿಗೆ ಪಕ್ಕದಲ್ಲಿ ಜಾಗ ಬಿಟ್ಟೆ. ರಜೆಯಲ್ಲಿದ್ದರೂ ನೌಕರಿ ನೌಕರಿಯೇ.

ಎಂಟನೆಯದು ಬಂದದ್ದು ಬೊಂಬಾಯಿ ವಿಮಾನ ನಿಲ್ದಾಣದಲ್ಲಿ. ನೈರೋಬಿಯಲ್ಲಿ ಲೀನಾ ಎಂಬ ಮಂಗಳೂರಿನ ಟೀಚರು ಸುಮಿತ್ರಳ ಗೆಳತಿ. ಆಕೆಯ ವಯಸ್ಸಾದ ತಾಯಿ ಬೊಂಬಾಯಿಯಲ್ಲಿ ಮಗನ ಮನೆಯಲ್ಲಿದ್ದರು. ಅವರು ಮಗಳಿಗೊಂದು ಪಾರ್ಸಲ್ ಕಳಿಸುತ್ತಾರೆಂದು ಸುಮಿತ್ರ ಮೊದಲೇ ಬರೆದಿದ್ದಳು. ತಾಯಿಗೆ ಓಡಾಡಲು ಆಗದು, ಯಾರೋ ಟಿಕೆಟ್ ಏಜೆಂಟಿನ ಕಡೆಯವನ ಕೈಗೆ ಕೊಟ್ಟಿದ್ದರಂತೆ. ಸಫಾರಿ ಸೂಟು ತೊಟ್ಟ ಆ ಮನುಷ್ಯ, ನಾನು ಸಾಲಿನಲ್ಲಿ ನಿಂತಿದ್ದಾಗ ಹೆಸರು ಕೇಳಿಕೊಂಡು ಬಂದು ಕೈಮುಗಿದು ಗಂಟನ್ನು ಕೊಟ್ಟ.

ನೋಡಿ ಕಣ್ಣು ತಂಪಾಯಿತು. ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಹೊಲಿದ ಪಾರ್ಸಲ್. ಹೊಲಿಗೆಯ ಮೇಲೆ ಕೆಂಪು ಅರಗಿನ ಮುದ್ರೆಗಳು, ಐದು ಸಾಕಾಗುವಲ್ಲಿ ಹನ್ನೊಂದು. ಎಷ್ಟು ಜನರಿಗೆ ಬೈದು ಬೈದು ಕಲಿಸಿದರೂ ಬಾರದ ಕೆಲಸ ಇದು. ಇಂಥ ಅಚ್ಚುಕಟ್ಟಿನ ಜನ ಇನ್ನೂ ಇದ್ದಾರಲ್ಲ ಎಂದು ಖುಷಿಯಾಗಿ ನಾನೂ ಕೈಮುಗಿದೆ.

ಒಂದೇ ಒಂದು ಕೊರತೆ ಕಂಡಿತು. ಲೀನಾರ ವಿಳಾಸ, ಫೋನ್ ನಂಬರು ಮೇಲಿದ್ದವು, ಕಳಿಸಿದವರ ವಿಳಾಸವೇ ಇರಲಿಲ್ಲ. ಕಳಿಸಿದವರ ವಿಳಾಸವಿಲ್ಲದ ಪಾರ್ಸಲನ್ನು ಇಪ್ಪತ್ತೆಂಟು ವರ್ಷದಲ್ಲಿ ನಾನು ಕೈಯಿಂದ ಮುಟ್ಟಿದವನಲ್ಲ. ಕೇಳೋಣವೆಂದರೆ ಸಫಾರಿ ಸೂಟಿನವನು ಆಗಲೇ ಮಾಯ. ಸರಿ, ಪೆನ್ನು ತೆಗೆದು ನಾನೇ ಬರೆದೆ: ಇಂದ, ಟಿ. ಎನ್. ರಂಗಸ್ವಾಮಿ, ತಂದೆಯ ಹೆಸರು, ಹುದ್ದೆ, ಬೀದಿ, ತಾಲ್ಲೂಕು, ಪಿನ್‌ಕೋಡು. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ದುಂಡಗೆ ಬರೆದು, ಕೆಳಗೊಂದು ಗೆರೆಯನ್ನೂ ಎಳೆದೆ. ಒಳಗೇನಿದೆ ಎಂದು ಮಾತ್ರ ನೋಡಲಿಲ್ಲ.

ಸೌತ್ ಬಿ

ನೈರೋಬಿಯ ಕಸ್ಟಮ್ಸಿನವರು ನನ್ನ ಸೂಟ್‌ಕೇಸು ತೆಗೆಸಿ ಸಂಡಿಗೆಯನ್ನು ಬಹಳ ಹೊತ್ತು ನೋಡಿದರು. ಇದನ್ನು ಎಣ್ಣೆಗೆ ಹಾಕಿದರೆ ಉಬ್ಬುತ್ತದೆ ಎಂದು ಕೈ ಅಗಲಿಸಿ ತೋರಿಸಿದೆ. ಅಧಿಕಾರಿ ನಕ್ಕು, ಪೆಟ್ಟಿಗೆಗಳ ಮೇಲೆಲ್ಲ ಸೀಮೆಸುಣ್ಣದ ಗುರುತು ಹಾಕಿ ಕಳಿಸಿದ. ಎಂಟನೆಯ ಪಾರ್ಸಲನ್ನು ಮುಟ್ಟಲೂ ಇಲ್ಲ. ನಾನು ಸಂಡಿಗೆ ಉಳಿಯಿತೆಂದು ಹಿಗ್ಗುತ್ತಾ ಹೊರಬಂದೆ.

ಸುಮಿತ್ರಳ ಮನೆ ಸೌತ್ ಬಿ ಬಡಾವಣೆಯಲ್ಲಿ. ಮನೆಯೇನೋ ಚೆಂದ, ಮುಂದೆ ಹೂವಿನ ಬಳ್ಳಿ. ಆದರೆ ಒಳಗೆ ಹೋಗಲು ಒಂದು ಕಬ್ಬಿಣದ ಗೇಟು, ಒಂದು ಜಾಲರಿ ಬಾಗಿಲು, ಒಂದು ಮರದ ಬಾಗಿಲು. ಮಲಗುವ ಕೋಣೆಗಳ ಕಡೆಗೆ ಮತ್ತೊಂದು ಜಾಲರಿ. ಗೇಟಿನಲ್ಲಿ ಅಸ್ಕಾರಿ, ಅಂದರೆ ಕಾವಲಿನವನು. ನಮ್ಮೂರಿನ ಮನೆಗೆ ಇರುವುದು ಒಂದೇ ಚಿಲಕ, ಅದೂ ಮಳೆಗಾಲದಲ್ಲಿ ಬೀಳುವುದಿಲ್ಲ. "ಏನಮ್ಮಾ, ಸಂಸಾರ ಮಾಡ್ತಿದೀಯೋ, ಖಜಾನೆ ಕಾಯ್ತಿದೀಯೋ?" ಎಂದೆ.

"ನಗ್ಬೇಡ ನೀನು. ಟೌನಿಗೆ ಹೋಗ್ಬೇಕಾದ್ರೆ ಆ ವಾಚು, ಉಂಗುರ ಎಲ್ಲಾ ಬಿಚ್ಚಿಟ್ಟು ಹೋಗು. ಯಾರಾದ್ರೂ ಕೂಗಿದ್ರೆ ತಿರುಗಿ ನೋಡ್ಬೇಡ. ಮ್ಯಾಪ್ ಅಂತೂ ರಸ್ತೇಲಿ ತೆಗೀಲೇಬೇಡ."

"ಆ್ಯಂಡ್ ಡೋಂಟ್ ಟಾಕ್ ಟು ಎವ್ರಿಬಡಿ, ಮಾಮಾ" ಎಂದಳು ಸೋದರ ಸೊಸೆ ಅನಿತ. ಹನ್ನೊಂದು ವರ್ಷದ ಹುಡುಗಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಇಬ್ಬರಿಗೂ ಎಲ್ಲ ಅರ್ಥವಾಗುತ್ತದೆ.

ವಾಚು ಬಿಟ್ಟು ಹೊರಡಲು ನನಗೆ ಮನಸ್ಸು ಬರಲಿಲ್ಲ. ಕಾಲುಚೀಲದೊಳಗೆ ತುರುಕಿಕೊಂಡು, ಪ್ರಭಾಕರನ ಜೊತೆ ಮಟಾಟು ಹತ್ತಿದೆ. ಮಟಾಟು ಎಂದರೆ ಅಲ್ಲಿನ ಬಾಡಿಗೆ ವ್ಯಾನು. ಹದಿನಾಲ್ಕು ಜನರ ಜಾಗದಲ್ಲಿ ಇಪ್ಪತ್ತು ಜನ, ಎದೆಗೂಡು ನಡುಗುವಷ್ಟು ಸಂಗೀತ, ಬಾಗಿಲಿಗೆ ನೇತಾಡುವ ಕಂಡಕ್ಟರು. ಏರಿದ ಒಬ್ಬ ಹೆಂಗಸು ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ ತಾನು ಎಲೆಕೋಸಿನ ಮೂಟೆ ಹಿಡಿದು ನಿಂತಳು. ಕೇಳಲೂ ಇಲ್ಲ, ಪರಿಚಯವೂ ಇಲ್ಲ. ಮಳವಳ್ಳಿ ಬಸ್ಸಿನಲ್ಲೂ ಹೀಗೇ ಅಲ್ಲವೇ ಎಂದು ನನಗೆ ಎಷ್ಟು ಹಾಯೆನಿಸಿತೆಂದರೆ, ಗಂಟೆ ಎಷ್ಟಾಯಿತೆಂದು ನೋಡಲು ಬಗ್ಗಿ ಪ್ಯಾಂಟು ಎತ್ತಿದೆ.

ಪಕ್ಕದ ಮುದುಕ ತಟ್ಟನೆ ನನ್ನ ಪ್ಯಾಂಟನ್ನು ಕೆಳಗೆಳೆದ. "ನಿಮ್ಮ ವಾಚು ಕಾಣುತ್ತಿದೆ" ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. ಅದನ್ನು ಹಿಂದಿನ ಸಾಲಿನವನು ಕೇಳಿಸಿಕೊಂಡು, ಕಾಲುಚೀಲ ಹಳೆಯ ಉಪಾಯ, ಎಲ್ಲರಿಗೂ ಗೊತ್ತು ಎಂದ. ಮೂಟೆಯ ಹೆಂಗಸು ಟೋಪಿಯೊಳಗೆ ಇಡಬೇಕೆಂದಳು. ಕಂಡಕ್ಟರು ಬನಿಯನ್ನಿಗೆ ಜೇಬು ಹೊಲಿಸಿಕೊಳ್ಳಲು ಹೇಳಿದ. ಇಳಿಯುವ ಹೊತ್ತಿಗೆ ನನ್ನ ವಾಚಿನ ಸಂಗತಿ ಮಟಾಟುವಿನ ಅಷ್ಟೂ ಜನಕ್ಕೆ ತಿಳಿದಿತ್ತು, ವಾಚು ಮಾತ್ರ ಕಾಲಲ್ಲೇ ಇತ್ತು. "ಅಸಾಂಟೆ" ಎಂದು ಎಲ್ಲರಿಗೂ ಕೈಮುಗಿದೆ. ಧನ್ಯವಾದಕ್ಕೆ ಅಲ್ಲಿ ಹಾಗೆನ್ನುತ್ತಾರೆ.

ನಾಲ್ಕು ದಿನದಲ್ಲಿ ಏಳು ಪಾರ್ಸಲ್ ಹಂಚಿ ಏಳು ಸಹಿ ಪಡೆದೆ. ಹಲ್ಲಿನ ಸೆಟ್ಟಿನವರು ಅಲ್ಲೇ ಹಾಕಿಕೊಂಡು ನಕ್ಕು ತೋರಿಸಿ ಸಹಿ ಹಾಕಿದರು. ಲೀನಾ ಮೊಂಬಾಸಾಕ್ಕೆ ಹೋಗಿದ್ದರಿಂದ ಎಂಟನೆಯದು ಅಷ್ಟು ದಿನವೂ ನನ್ನ ಮಂಚದ ಕೆಳಗಿತ್ತು. ಅದರ ಮೇಲೆ ನಾನು ಗೊರಕೆ ಹೊಡೆಯುತ್ತಾ ಸುಖವಾಗಿ ಮಲಗಿದ್ದೆ.

ಲ್ಯಾವಿಂಗ್ಟನ್

ಐದನೆಯ ದಿನ ಲೀನಾ ಬಂದ ಸುದ್ದಿ ತಿಳಿದು, ಸುಮಿತ್ರ, ಪ್ರಭಾಕರ, ನಾನು ಮೂವರೂ ಲ್ಯಾವಿಂಗ್ಟನ್‌ಗೆ ಹೋದೆವು. ಎತ್ತರದ ಮರಗಳು, ಉದ್ದುದ್ದ ಬೇಲಿಗಳು, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಲೀನಾ ಅಲ್ಲೊಂದು ಶಾಲೆಯ ಟೀಚರು, ಶಾಲೆಯವರು ಕೊಟ್ಟ ಚಿಕ್ಕ ಮನೆಯಲ್ಲಿ ಒಬ್ಬರೇ ಇದ್ದರು. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಪಾರ್ಸಲನ್ನು ಎದೆಗವಚಿಕೊಂಡು, "ಅಮ್ಮ ಎಂತ ಕಳಿಸಿದ್ದಾರೋ ನೋಡುವ!" ಎಂದು ಕತ್ತರಿ ತಂದರು.

ಸೂಟ್‌ಕೇಸುಗಳ ನಡುವೆ ಸಿಕ್ಕಿ ಅರಗಿನ ಮುದ್ರೆಗಳು ಅರ್ಧಕ್ಕರ್ಧ ಉದುರಿದ್ದವು. ಜಗುಲಿಯಲ್ಲಿ ಒಳ್ಳೆಯ ಬಿಸಿಲಿತ್ತು. ನನ್ನ ಬೆರಳು ಅಭ್ಯಾಸದಂತೆ ಹೊಲಿಗೆಯ ಉದ್ದಕ್ಕೂ ಓಡಿತು, ಓಡಿ ನಿಂತಿತು. ದಾರವಿದ್ದ ಸಾಲಿನ ಪಕ್ಕದಲ್ಲೇ, ದಾರವಿಲ್ಲದ ಸೂಜಿತೂತುಗಳ ಇನ್ನೊಂದು ಸಾಲು.

ಕೌಂಟರಿನಲ್ಲಿ ಕೂತವರಿಗೆ ಇದರ ಅರ್ಥ ಗೊತ್ತು. ಒಮ್ಮೆ ಹೊಲಿದ ಬಟ್ಟೆಯನ್ನು ಯಾರೋ ಬಿಚ್ಚಿದ್ದಾರೆ, ಬಿಚ್ಚಿ ಮತ್ತೆ ಹೊಲಿದಿದ್ದಾರೆ. ಹಳೆಯ ತೂತು ಕಾಣದಿರಲೆಂದೇ ಹನ್ನೊಂದು ಮುದ್ರೆ ಒತ್ತಿದ್ದಾರೆ. ಅದನ್ನು ನೋಡಿ ನಾನು ಕೈಮುಗಿದಿದ್ದೆ! "ಲೀನಾ ಅವರೇ, ನಿಧಾನ. ಒಂದೊಂದೇ ತೆಗೀರಿ" ಎಂದೆ.

ಹಲಸಿನ ಹಪ್ಪಳ ಬಂತು. ಬೆಲ್ಲ, ಒಂದು ಜಪಮಾಲೆ, ಹತ್ತಿಯ ಎರಡು ನೈಟಿ ಬಂದವು. ಆಮೇಲೆ ಮೈಗೆ ಹಚ್ಚುವ ಪೌಡರಿನ ಆರು ದೊಡ್ಡ ಡಬ್ಬಿ.

"ಇದೆಂತದು? ಪೌಡರಿನ ವಾಸನೆ ಬಂದ್ರೆ ಅಮ್ಮನಿಗೆ ದಿನವಿಡೀ ಸೀನು ಮಾರಾಯ್ರೇ. ಅವರು ಪೌಡರ್ ಕಳಿಸ್ಲಿಕ್ಕೇ ಇಲ್ಲ!"

ನಾನು ಒಂದು ಡಬ್ಬಿಯನ್ನು ಅಂಗೈಯಲ್ಲಿಟ್ಟು ತೂಗಿದೆ. ಮೇಲೆ ಬರೆದದ್ದು ನಾಲ್ಕು ನೂರು ಗ್ರಾಂ, ನನ್ನ ಕೈ ಹೇಳಿದ್ದು ಆರು ನೂರು. ಪ್ರಭಾಕರ ಮುಚ್ಚಳ ಕಿತ್ತು ಹಳೆಯ ಪೇಪರಿನ ಮೇಲೆ ಸುರಿದ. ಮೊದಲು ಒಂದಿಷ್ಟು ಪೌಡರು ಬಿತ್ತು, ಅದರ ಹಿಂದೆ ಬಿಳಿ ಮಾತ್ರೆಗಳು ಬೀಳತೊಡಗಿದವು.

ಪ್ರಭಾಕರ ಒಂದನ್ನು ಎತ್ತಿ ನೋಡಿ, ಕುರ್ಚಿಯಲ್ಲಿ ಕುಸಿದ. "ಭಾವಾ, ಇದು ನಿದ್ದೆ ಮಾತ್ರೆ. ಆಸ್ಪತ್ರೆಗಳಲ್ಲಿ ಕೊಡೋದು ನಿಲ್ಸಿ ಎಷ್ಟೋ ವರ್ಷ ಆಯ್ತು. ಈಗ ಅಮಲಿಗೆ ತಗೋತಾರೆ. ಇಂಡಿಯಾದಿಂದ ಇಲ್ಲಿಗೆ ಬರುತ್ತೆ, ಇಲ್ಲಿಂದ ಬಾರ್ಡರ್ ದಾಟಿ ದಕ್ಷಿಣಕ್ಕೆ ಹೋಗುತ್ತೆ. ಈ ದಂಧೆಯವ್ರ ಕೈಲಿ ಪಿಸ್ತೂಲ್ ಇರುತ್ತೆ. ಅಡ್ಡ ಬಂದವರನ್ನ ಸುಮ್ನೆ ಬಿಡೋ ಜನ ಅಲ್ಲ."

"ಇದನ್ನ ತಂದಿದ್ದು ನಾನು" ಎಂದೆ. ಹೇಳಿದ ಮೇಲೆಯೇ ಅದರ ಭಾರ ನನಗೆ ತಿಳಿದದ್ದು. ಬಟ್ಟೆಯ ಮೇಲೆ ನನ್ನ ಹೆಸರು, ನಮ್ಮಪ್ಪನ ಹೆಸರು, ಪಿನ್‌ಕೋಡು, ಕೆಳಗೆ ಗೆರೆ.

ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಲೀನಾ ಎತ್ತಿದರು. ಯಾರೋ ಗಂಡಸು, ಬಹಳ ವಿನಯದ ಇಂಗ್ಲಿಷು. ಬೊಂಬಾಯಿಯ ಪಾರ್ಸಲಿನಲ್ಲಿ ತಮ್ಮ ಕೆಲವು ಡಬ್ಬಿಗಳು ತಪ್ಪಿ ಸೇರಿವೆ, ಬಂದು ಒಯ್ಯುತ್ತೇನೆ ಎಂದನಂತೆ. ಲೀನಾ ಕಣ್ಣನ್ನೂ ಮಿಟುಕಿಸದೆ, ಪಾರ್ಸಲ್ ಇನ್ನೂ ತಲುಪಿಲ್ಲ, ತಂದವರು ನಾಳೆ ಸಂಜೆ ನಾಲ್ಕಕ್ಕೆ ಬರುತ್ತಾರೆ, ಆಗ ಬನ್ನಿ ಎಂದು ಫೋನಿಟ್ಟರು. "ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳ್ಬೇಡಿ ಅಂತ ಹೇಳಿದ್ದೇನೆ ನಾನು" ಎಂದು ನೀರು ಕುಡಿದರು.

ಸುಮಿತ್ರ ಎದ್ದು ನಿಂತಳು. "ಎಲ್ಲಾ ಕಮೋಡಿಗೆ ಸುರಿದು ಫ್ಲಶ್ ಮಾಡಿ. ಆ ಬಟ್ಟೆ ಸುಟ್ಟು ಹಾಕಿ. ನಾಳೆ ಬೆಳಿಗ್ಗೆನೇ ಅಣ್ಣನ್ನ ಫ್ಲೈಟ್ ಹತ್ಸೋಣ. ಪೊಲೀಸಿಗೆ ಹೋದ್ರೆ ಇವ್ನೇ ಕಳ್ಳ ಅಂತ ಒಳಗೆ ಹಾಕ್ತಾರೆ. ಹತ್ತು ವರ್ಷ! ಅತ್ತಿಗೆಗೆ ನಾನು ಏನಂತ ಬರೀಲಿ?"

ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತು. ಲೀನಾ ಹಪ್ಪಳವನ್ನು ಒಂದರ ಮೇಲೊಂದು ಜೋಡಿಸುತ್ತಾ ಕೂತಿದ್ದರು. ನಾಳೆ ನಾಲ್ಕು ಗಂಟೆಗೆ ಆ ಮನುಷ್ಯ ಬಂದಾಗ ನಾನು ಆಕಾಶದಲ್ಲಿರುತ್ತೇನೆ. ಡಬ್ಬಿ ಇಲ್ಲ ಎಂದು ಹೇಳಬೇಕಾದವರು ಈ ಮನೆಯಲ್ಲಿ ಒಬ್ಬರೇ ಇರುವ ಈ ಹೆಂಗಸು. ಅವನು ಅಷ್ಟಕ್ಕೇ "ಪರವಾಗಿಲ್ಲ" ಎಂದು ಹೋಗುತ್ತಾನೆಯೇ?

"ಪೊಲೀಸ್ ಹತ್ರ ಹೋಗೋಣ, ಪ್ರಭಾಕರ" ಎಂದೆ.

ಅಪ್ಪರ್ ಹಿಲ್

ಪ್ರಭಾಕರನ ಪರಿಚಯದ ವಕೀಲರೊಬ್ಬರು ನಮ್ಮನ್ನು ಅಪ್ಪರ್ ಹಿಲ್‌ನ ಒಂದು ಹಳೆಯ ಸರ್ಕಾರಿ ಕಟ್ಟಡಕ್ಕೆ ಕಳಿಸಿದರು. ಸುತ್ತಲೂ ಬ್ಯಾಂಕು, ಆಸ್ಪತ್ರೆಗಳ ಹೊಸ ಕಟ್ಟಡಗಳು ಏಳುತ್ತಿದ್ದವು. ಇದೊಂದು ಮಾತ್ರ ನಮ್ಮ ತಾಲ್ಲೂಕು ಕಚೇರಿಯ ಖಾಸಾ ತಮ್ಮ. ಅದೇ ಫೈಲುಗಳು, ಅದೇ ಕಿರ್ರೆನ್ನುವ ಫ್ಯಾನು, ಚಹಾದ ಲೋಟದ ಅದೇ ದುಂಡನೆ ಕಲೆಗಳು. ಹೆದರಿಕೆಯಲ್ಲೂ ನನಗೆ ಮನೆ ನೆನಪಾಯಿತು.

ಇನ್‌ಸ್ಪೆಕ್ಟರ್ ಮುಟುವ ಆನೆಯಂಥ ಆಳು, ಮಾತು ನಿಧಾನ. ಆತ ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡಬ್ಬಿಗಳನ್ನು ನೋಡಿದ. ಆಮೇಲೆ ಕನ್ನಡಕ ಏರಿಸಿ, ಬಟ್ಟೆಯ ಮೇಲಿನ ವಿಳಾಸವನ್ನು ಶಾಲೆಯ ಹುಡುಗನಂತೆ ಗಟ್ಟಿಯಾಗಿ ಓದಿದ. ನನ್ನ ಹೆಸರು, ಅಪ್ಪನ ಹೆಸರು, ಹುದ್ದೆ, ಬೀದಿ. ಪಿನ್‌ಕೋಡಿನ ಆರು ಅಂಕಿಗಳನ್ನು ಒಂದೊಂದಾಗಿ ಹೇಳಿದ.

"ಇದು ಯಾರ ಕೈಬರಹ?"

"ನಂದೇ ಸಾರ್."

"ಯಾಕೆ ಬರೆದಿರಿ?"

"ಕಳಿಸಿದವರ ವಿಳಾಸ ಇರಲಿಲ್ಲ. ಅದು ನಿಯಮಕ್ಕೆ ವಿರುದ್ಧ."

ಆತ ನನ್ನ ಮುಖವನ್ನೇ ನೋಡಿದ. ಪ್ರಭಾಕರ ನೆಲ ನೋಡುತ್ತಿದ್ದ. ಮೇಜಿನ ಆ ಬದಿಯಿಂದ ಗುಡುಗಿನಂತೆ ಏನೋ ಶುರುವಾಯಿತು. ಬಂತು ಗ್ರಹಚಾರ ಎಂದುಕೊಂಡೆ. ನೋಡಿದರೆ ಮನುಷ್ಯ ನಗುತ್ತಿದ್ದಾನೆ. "ನನ್ನ ಕೆಲಸದಲ್ಲಿ ಎಷ್ಟೋ ಕಳ್ಳಸಾಗಣೆದಾರರನ್ನು ನೋಡಿದ್ದೇನೆ. ತಂದೆಯ ಹೆಸರಿನ ಸಮೇತ ವಿಳಾಸ ಬರೆದುಕೊಂಡು ಬಂದವರು ನೀವೊಬ್ಬರೇ."

ನನಗೆ ಸಿಟ್ಟು ಬಂತು. ಹೆದರಿದವನಿಗೆ ಬರುವ ಸಿಟ್ಟು ದೊಡ್ಡದು. ಎದ್ದು ಬಟ್ಟೆಯನ್ನು ಅವನ ಮುಂದೆ ಹರಡಿ ಪಾಠ ಶುರುಮಾಡಿದೆ. ಇದು ಮೊದಲ ಹೊಲಿಗೆ, ಮುದುಕಿಯ ಕೈ, ನೋಡಿ ಎಷ್ಟು ಹತ್ತಿರ ಹತ್ತಿರ. ಇದು ಎರಡನೆಯದು, ದಪ್ಪ ಸೂಜಿ, ಅವಸರದ ಕೈ. ಐದು ಸಾಕಾಗುವಲ್ಲಿ ಹನ್ನೊಂದು ಮುದ್ರೆ ಯಾಕೆ? ಇಲ್ಲಿ ಬೆರಳಾಡಿಸಿ, ಗೊತ್ತಾಗುತ್ತದೆ. ಇನ್‌ಸ್ಪೆಕ್ಟರ್ ಬೆರಳಾಡಿಸಿದ. ಪಕ್ಕದ ಕೋಣೆಯಿಂದ ಇಬ್ಬರನ್ನು ಕರೆದ, ಅವರೂ ಆಡಿಸಿದರು. ಅರ್ಧ ಗಂಟೆಯಲ್ಲಿ ಆ ಕಚೇರಿಯ ಅಷ್ಟೂ ಜನ ನನ್ನ ಸುತ್ತ ನಿಂತು ಸೂಜಿತೂತು ನೋಡುತ್ತಿದ್ದರು. ಮಂಡ್ಯದಲ್ಲಿ ಹೊಸದಾಗಿ ಸೇರಿದವರಿಗೆ ಹೇಳಿಕೊಡುವಾಗ ಒಬ್ಬನೂ ಇಷ್ಟು ಶ್ರದ್ಧೆಯಿಂದ ಕೇಳಿದವನಲ್ಲ.

ಎಲ್ಲ ಆದ ಮೇಲೆ ಇನ್‌ಸ್ಪೆಕ್ಟರ್ ನಗು ನಿಲ್ಲಿಸಿ ಕೈಚಾಚಿದ. "ಪಾಸ್‌ಪೋರ್ಟ್ ಇಲ್ಲಿರಲಿ. ನಾನು ನಿಮ್ಮನ್ನು ನಂಬುತ್ತೇನೆ, ಆದರೆ ನನ್ನ ನಂಬಿಕೆಯನ್ನು ಕೋರ್ಟು ಕೇಳುವುದಿಲ್ಲ. ನಾಳೆ ಆ ಮನುಷ್ಯ ಬಂದು ಡಬ್ಬಿ ತೆಗೆದುಕೊಂಡರೆ ನೀವು ಮನೆಗೆ ಹೋಗುತ್ತೀರಿ. ಅವನು ಬಾರದಿದ್ದರೆ, ಈ ಡಬ್ಬಿಗಳಿಗೆ ನಿಮ್ಮನ್ನು ಬಿಟ್ಟು ಬೇರೆ ಒಡೆಯರಿಲ್ಲ. ಪೋಲೆ, ಮ್ಜೇ." ಕ್ಷಮಿಸಿ ಹಿರಿಯರೇ, ಎಂದು ಅದರ ಅರ್ಥ. ಬಾಗಿಲವರೆಗೆ ಬಂದು, "ಈ ಮಂಡ್ಯ ಎಂಬ ಊರು ಮೈಸೂರಿಗೆ ಹತ್ತಿರವೇ?" ಎಂದು ಕೇಳಿದ. ಒಂದು ಗಂಟೆಯ ದಾರಿ ಎಂದೆ. ಹೂಂ ಎಂದು ಒಳಗೆ ಹೋದ.

ಮತ್ತೆ ಲ್ಯಾವಿಂಗ್ಟನ್

ಮರುದಿನ ನಾಲ್ಕಕ್ಕೆ ಕಾಲು ಗಂಟೆ ಮುಂಚೆ ನಾನು ಲೀನಾರ ಜಗುಲಿಯಲ್ಲಿ ಕೂತಿದ್ದೆ. ಮತ್ತೆ ಹೊಲಿದ ಪಾರ್ಸಲ್ ತೊಡೆಯ ಮೇಲಿತ್ತು. ಅಂಗಳದಲ್ಲಿ ಇಬ್ಬರು ಹುಲ್ಲು ಕತ್ತರಿಸುತ್ತಿದ್ದರು. ಇಬ್ಬರೂ ಪೊಲೀಸರು. ಒಬ್ಬನಿಗೆ ಕತ್ತರಿ ಹಿಡಿಯಲೂ ಬಾರದು, ಲೀನಾರ ಗುಲಾಬಿ ಗಿಡವೊಂದನ್ನು ಆಗಲೇ ಬೋಳಿಸಿದ್ದ. "ಕಳ್ಳ ಬರುವ ಮೊದಲೇ ನನ್ನ ತೋಟ ಹೋಯ್ತಲ್ಲ!" ಎಂದು ಅವರು ಕಿಟಕಿಯ ಹಿಂದೆ ಗೊಣಗುತ್ತಿದ್ದರು. ಇನ್‌ಸ್ಪೆಕ್ಟರ್ ಅಡುಗೆಮನೆಯಲ್ಲಿದ್ದ. ಲೀನಾ ಕರಿದು ಕೊಟ್ಟ ಹಲಸಿನ ಹಪ್ಪಳ ಅವನ ಬಾಯಲ್ಲಿ ಮುರಿಯುವ ಸದ್ದು ನನಗೆ ಕೇಳಿಸುತ್ತಿತ್ತು.

ನಾಲ್ಕಾಯಿತು. ನಾಲ್ಕೂಕಾಲು ಆಯಿತು. ಅವನು ಬರಲಿ ದೇವರೇ ಎಂದು ಬೇಡಿಕೊಂಡೆ. ಮರುಗಳಿಗೆ, ಬರದಿರಲಿ ದೇವರೇ ಎಂದೂ ಬೇಡಿಕೊಂಡೆ. ಬಾರದಿದ್ದರೆ ನನಗೆ ಜೈಲು, ಬಂದರೆ ಅವನ ಕೈಯಲ್ಲಿ ಪಿಸ್ತೂಲು. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಕಾಲು ಗಂಟೆಯನ್ನು ಕಂಡಿಲ್ಲ. ಕಾಲುಚೀಲದ ವಾಚನ್ನು ಮೂರು ಸಲ ನೋಡಿದೆ.

ನಾಲ್ಕೂವರೆಗೆ ಬಿಳಿ ಕಾರು ಬಂತು. ಇಳಿದವನು ಇಸ್ತ್ರಿ ಮಾಡಿದ ಶರ್ಟಿನ, ನಗುಮುಖದ ಮನುಷ್ಯ. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ, ಪಾರ್ಸಲಿಗೆ ಕೈಚಾಚಿದ. ಇನ್‌ಸ್ಪೆಕ್ಟರ್ ನನಗೆ ಹೇಳಿಕೊಟ್ಟದ್ದು ಇಷ್ಟೇ: ಮಾತಾಡಬೇಡಿ, ಕೊಡಿ, ಒಳಗೆ ಬನ್ನಿ. ನಾನು ಕೊಟ್ಟೆ. ಒಳಗೆ ಹೋಗಬೇಕಿತ್ತು. ಆದರೆ ನನ್ನ ಕೈ ತಾನಾಗಿಯೇ ಜೇಬಿಗೆ ಹೋಗಿ, ಪುಸ್ತಕ ತೆಗೆದು, ಎಂಟನೆಯ ಸಾಲನ್ನು ಬಿಡಿಸಿ ಅವನ ಮುಂದೆ ಹಿಡಿಯಿತು.

"ಇಲ್ಲೊಂದು ಸಹಿ" ಎಂದೆ.

ಅವನ ನಗು ಒಂದು ಕ್ಷಣ ನಿಂತಿತು. ಅಡುಗೆಮನೆಯಲ್ಲಿ ಹಪ್ಪಳದ ಸದ್ದೂ ನಿಂತಿತು. ಅವನು ಪುಸ್ತಕ ನೋಡಿದ, ಮೇಲಿನ ಏಳು ಸಹಿ ನೋಡಿದ. ನನ್ನ ಬೋಳುತಲೆ, ಹಣೆಯ ನಾಮ, ಕಿವಿಗೆ ಸಿಕ್ಕಿಸಿದ ಪೆನ್ನು ನೋಡಿದ. ಇಂಥ ಪೆದ್ದನ ಹತ್ತಿರ ಯಾರು ವಾದ ಮಾಡುತ್ತಾರೆ ಎಂದುಕೊಂಡಿರಬೇಕು. ಪೆನ್ನು ಇಸಿದುಕೊಂಡು, ಪಡೆದಿದ್ದೇನೆ ಎಂದು ಬರೆದು, ಸಹಿ ಹಾಕಿ, ತಾರೀಖನ್ನೂ ಹಾಕಿದ.

ಆಮೇಲೆ ನಡೆದದ್ದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಹುಲ್ಲು ಕತ್ತರಿಸುವವರು ಎರಡು ಕಡೆಯಿಂದ ಬಿದ್ದರು. ಒಂದು ಹೂಕುಂಡ ಒಡೆಯಿತು, ಬಿಸ್ಕತ್ತು ಚೆಲ್ಲಿತು, ಅಷ್ಟೇ. ಅವನ ಶರ್ಟಿನ ಹಿಂದೆ ಸೊಂಟದಲ್ಲಿದ್ದ ಪಿಸ್ತೂಲನ್ನು ತೆಗೆದು ಜಗುಲಿಯ ಮೇಲಿಟ್ಟಾಗ ನಾನು ಒಡೆದ ಕುಂಡದ ಮಣ್ಣಿನ ಮೇಲೆಯೇ ಕೂತುಬಿಟ್ಟೆ. ಲೀನಾ ಓಡಿಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಕೊಂಕಣಿಯಲ್ಲಿ ಪ್ರಾರ್ಥನೆ ಹೇಳತೊಡಗಿದರು. ನನಗೆ ಅಳು ಬಂತು. ನಾಚಿಕೆಯಾಗಲಿಲ್ಲ.

ಇನ್‌ಸ್ಪೆಕ್ಟರ್ ಪುಸ್ತಕದ ಆ ಹಾಳೆಯನ್ನು ಜೋಪಾನವಾಗಿ ಹರಿದು ಲಕೋಟೆಗೆ ಹಾಕಿದ. "ಸಹಿ!" ಎಂದ. "ಸಹಿ ತೆಗೆದುಕೊಂಡರಲ್ಲ ಮಾರಾಯರೇ!" ಎನ್ನುವ ಧಾಟಿಯಲ್ಲಿ ಏನೋ ತನ್ನ ಭಾಷೆಯಲ್ಲಿ ಹೇಳುತ್ತಾ ಕಾರಿನವರೆಗೂ ತಲೆ ಕೊಡವಿಕೊಂಡು ಹೋದ.

ಮತ್ತೆ ಸೌತ್ ಬಿ

ನಾನು ಹೊರಡುವ ಹಿಂದಿನ ದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಮನೆಗೆ ಬಂದ. ಒಂದು ಕೈಯಲ್ಲಿ ನನ್ನ ಪಾಸ್‌ಪೋರ್ಟು, ಇನ್ನೊಂದರಲ್ಲಿ ರಟ್ಟಿನ ಪೆಟ್ಟಿಗೆ. ಸುಮಿತ್ರ ಮಾಡಿದ ಫಿಲ್ಟರ್ ಕಾಫಿಯನ್ನು ಎರಡು ಲೋಟ ಕುಡಿದ. ಅದಾದ ಮೇಲೆ ಆ ದೊಡ್ಡ ದೇಹ ಕುರ್ಚಿಯಲ್ಲಿ ಅತ್ತಿತ್ತ ಹೊರಳಿತು. ಇಷ್ಟು ಸಂಕೋಚ ಪಡುವ ಪೊಲೀಸನನ್ನು ನಾನು ಎಲ್ಲೂ ನೋಡಿಲ್ಲ.

ಆತನ ಮಗಳು ಗ್ರೇಸ್ ಮೈಸೂರಿನಲ್ಲಿ ಫಾರ್ಮಸಿ ಓದುತ್ತಿದ್ದಳಂತೆ. ಎರಡು ವರ್ಷವಾಯಿತು ಮನೆಗೆ ಬಂದು. ಊರಿನ ಊಟ ಇಲ್ಲದೆ ಸೊರಗಿದ್ದೇನೆ ಎಂದು ಬರೆದಿದ್ದಳಂತೆ. "ನೀವು ಆ ಕಡೆಯವರು. ಒಂದು ಚಿಕ್ಕ ಪಾರ್ಸಲ್..." ಎಂದು ನಿಲ್ಲಿಸಿದ.

ಸುಮಿತ್ರ ನನ್ನನ್ನೇ ನೋಡಿದಳು. ನನಗೆ ಧರ್ಮಸಂಕಟ. ಪಾಸ್‌ಪೋರ್ಟು ಈಗಷ್ಟೇ ಕೈಗೆ ಬಂದಿದೆ. ನನ್ನನ್ನು ಉಳಿಸಿದ ಮನುಷ್ಯ, ಅದರಲ್ಲೂ ಪೊಲೀಸು. ಇವನನ್ನು ಹೇಗೆ ಕೇಳುವುದು?

ಆತ ಮುಂದಕ್ಕೆ ಬಾಗಿದ. "ಏನು ಯೋಚನೆ? ಕೇಳಿ. ನೀವು ಕೇಳಲೇಬೇಕು."

"ಏನಿದೆ ಒಳಗೆ?" ಎಂದೆ.

ಅವನ ಮುಖ ಅರಳಿತು. ಪೆಟ್ಟಿಗೆಗೆ ಹೊಲಿಗೆಯೇ ಹಾಕಿರಲಿಲ್ಲ. ನಾನು ಕೇಳುತ್ತೇನೆಂದು ಗೊತ್ತಿದ್ದ ಹಾಗೆ ಮುಚ್ಚಳ ತೆರೆದೇ ತಂದಿದ್ದ. ಒಂದೊಂದನ್ನೇ ಎತ್ತಿ ಮೇಜಿನ ಮೇಲಿಟ್ಟ. ಅವಳಮ್ಮ ಹೆಣೆದ ಸ್ವೆಟರು, ಒಂದು ಫೋಟೊ, ಎರಡು ಕಿಲೋ ಬಿಳಿ ಮುಸುಕಿನ ಜೋಳದ ಹಿಟ್ಟು. ನಮಗೆ ರಾಗಿ ಮುದ್ದೆ ಹೇಗೋ ಅವರಿಗೆ ಈ ಹಿಟ್ಟಿನ ಮುದ್ದೆ ಹಾಗೆ.

"ವೈಟ್ ಪೌಡರ್, ಮಾಮಾ!" ಎಂದು ಅನಿತ ಚಪ್ಪಾಳೆ ತಟ್ಟಿದಳು. ನಾನು ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿ, ಆಗಬಹುದು ಎಂದೆ.

ಆತ ಜೇಬಿನಿಂದ ಬಿಳಿ ಬಟ್ಟೆ, ಸೂಜಿ, ದಾರ ತೆಗೆದ. ನಾನು ಹೊಲಿದುಕೊಡುತ್ತೇನೆ ಎಂದರೆ ಬಿಡಲಿಲ್ಲ. ಆ ಬಾಳೆಕಾಯಿಯಂಥ ಬೆರಳುಗಳಲ್ಲಿ ಸೂಜಿ ಕಾಣುತ್ತಲೇ ಇರಲಿಲ್ಲ. ಎರಡು ಸಲ ಚುಚ್ಚಿಸಿಕೊಂಡ. ಹೊಲಿಗೆ ಏರಿಳಿದು ಎಲ್ಲೆಲ್ಲೋ ಓಡಿತು. ನನ್ನ ಕೌಂಟರಿಗೆ ಬಂದಿದ್ದರೆ ಎಸೆದು ವಾಪಸ್ ಕಳಿಸುತ್ತಿದ್ದೆ. ಕೊನೆಗೆ "ಇಂದ" ಎಂದು ಬರೆದು ತನ್ನ ಹೆಸರು, ತಂದೆಯ ಹೆಸರು, ಹುದ್ದೆ, ಎಲ್ಲ ಬರೆದು, ಕೆಳಗೊಂದು ಗೆರೆಯೆಳೆದು ನನ್ನ ಮುಖ ನೋಡಿದ.

ಮೈಸೂರು

ಬೊಂಬಾಯಿಯ ಕಸ್ಟಮ್ಸಿನವನು ಅದನ್ನು ಎತ್ತಿ, "ಏನಿದೆ ಒಳಗೆ?" ಎಂದ. ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಎಲ್ಲವನ್ನೂ ತೂಕದ ಸಮೇತ ಹೇಳಿದೆ. ನನ್ನ ವಿವರಣೆ ಇನ್ನೂ ಮುಗಿಯುವಂತೆ ಕಾಣದೆ, ಸಾಕು ಹೋಗಿ ಎಂದು ಕೈಬೀಸಿದ.

ಊರು ಸೇರಿದ ಮೂರನೆಯ ದಿನ ಹೆಂಡತಿಯನ್ನೂ ಕರೆದುಕೊಂಡು ಮೈಸೂರಿಗೆ ಹೋದೆ. ಅಷ್ಟು ಹೊತ್ತಿಗೆ ಅವಳು ಕತೆಯನ್ನು ನಾಲ್ಕು ಸಲ ಕೇಳಿ, ನಾಲ್ಕು ಸಲ ಬೈದು, ಇನ್ನು ಜನ್ಮದಲ್ಲಿ ವಿಮಾನ ಹತ್ತುವುದಿಲ್ಲವೆಂದು ಆಣೆಯಿಟ್ಟಿದ್ದಳು. ಗ್ರೇಸ್ ಹಾಸ್ಟೆಲಿನ ಗೇಟಿಗೆ ಓಡಿಬಂದಳು. ಅಪ್ಪನಷ್ಟೇ ಎತ್ತರ, ಅಪ್ಪನದೇ ನಗು. "ನಮಸ್ಕಾರ ಆಂಟಿ, ಊಟ ಆಯ್ತಾ?" ಎಂದು ಕನ್ನಡದಲ್ಲೇ ಕೇಳಿ ನನ್ನ ಹೆಂಡತಿಯನ್ನು ಬೆರಗಾಗಿಸಿದಳು.

ಪಾರ್ಸಲ್ ಕೊಟ್ಟೆ. ಅವಳು ತೆರೆಯಲಿಲ್ಲ. ಮರದ ಕೆಳಗಿನ ಕಲ್ಲಿನ ಮೇಲೆ ಕೂತು, ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು, ಹೊಲಿಗೆಯ ಉದ್ದಕ್ಕೂ ಬೆರಳಾಡಿಸತೊಡಗಿದಳು. ಒಂದು ಕಡೆ ಮುಗಿಸಿ ತಿರುಗಿಸಿ ಇನ್ನೊಂದು ಕಡೆ ನೋಡಿದಳು. ಅಪ್ಪ ಟ್ರಂಕ್ ಕಾಲ್ ಮಾಡಿ, ಹೀಗೆ ನೋಡದೆ ಯಾವ ಪಾರ್ಸಲನ್ನೂ ತೆಗೆಯಬೇಡ ಎಂದು ಹೇಳಿದ್ದನಂತೆ. ಯಾರು ತಂದುಕೊಟ್ಟರೂ ಸರಿ, ಮಂಡ್ಯದ ಮ್ಜೇಯೇ, ಅಂದರೆ ನಾನೇ, ತಂದುಕೊಟ್ಟರೂ ಸರಿ.

ನನಗೆ ಬೇಸರವಾಗಲಿಲ್ಲ. ಕೈಕಟ್ಟಿ ನಿಂತು ಕಾದೆ. ನನ್ನ ಮುಂದೆ ನಿಂತು ಎಷ್ಟೋ ಜನ ಹೀಗೆ ಕಾದಿದ್ದಾರೆ.

"ಒಂದೇ ಸಾಲು ಇದೆ ಅಂಕಲ್" ಎಂದಳು ತಲೆಯೆತ್ತಿ. ಸೊಟ್ಟಂಬಟ್ಟ ಹೊಲಿಗೆಯನ್ನು ಇನ್ನೊಮ್ಮೆ ಸವರಿದಳು. ನಡುವೆ ಎರಡು ಕಡೆ ಕಂದುಬಣ್ಣದ ಚಿಕ್ಕ ಚುಕ್ಕೆಗಳಿದ್ದವು, ಸೂಜಿ ಚುಚ್ಚಿದ ಜಾಗ. "ಅಪ್ಪಾನೇ ಹೊಲ್ದಿದ್ದು" ಎಂದಳು. ನನ್ನ ಹೆಂಡತಿ ಚೀಲದಿಂದ ಕತ್ತರಿ ತೆಗೆದುಕೊಟ್ಟಳು. ಗ್ರೇಸ್ ಬೇಡವೆಂದು ತಲೆಯಾಡಿಸಿ, ಆ ದಾರವನ್ನು ಕತ್ತರಿಸದೆ, ಒಂದೊಂದೇ ಹೊಲಿಗೆ ಬಿಡಿಸುತ್ತಾ ಬೆರಳಿಗೆ ಸುತ್ತಿಕೊಳ್ಳತೊಡಗಿದಳು.